ಶುಕೂರಾಕನ ನಾಲಗೆ

ಶುಕೂರಾಕ ಕುಡಿಯಲು ಶುರುಮಾಡಿದ್ದಾರೆ ಎಂಬ ಮಾತನ್ನು ಮೈಮೂನಳ ಕಿವಿಗೆ ಮೊದಲು ಹಾಕಿದವಳು ಮೀನು ಮಾರುವ ಸೇಸಮ್ಮ. ಬೂತಾಯಿ ಮೀನನ್ನು ಮಣ್ಣಿನ ತಟ್ಟೆಗೆ ಸುರಿದ ಮೇಲೂ ಅವಳು ಬುಟ್ಟಿಯನ್ನು ತಲೆಗೆ ಏರಿಸಲಿಲ್ಲ. ಜಗಲಿಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತೇ ಇದ್ದಳು.

“ಹೇಳಬಾರದು ಮೈಮೂನಕ್ಕ. ಆದ್ರೆ ಹೇಳದೆ ಹೋದ್ರೆ ನನಗೆ ಸಮಾಧಾನ ಇಲ್ಲ. ನಿಮ್ಮ ಬ್ಯಾರಿಗಳು ಈಗ ಗಂಗಸರ ಕುಡೀತಾರಂತೆ. ಬಸ್ಸಿನ ಹತ್ತಿರ ಎಲ್ಲರೂ ಅದನ್ನೇ ಹೇಳೋದು.”

ಮೈಮೂನಳಿಗೆ ಸಿಟ್ಟು ಬರುವ ಮೊದಲು ನಗು ಬಂತು. ಅದು ಐವತ್ತೆಂಟನೇ ಇಸವಿ. ಜಿಲ್ಲೆಯಲ್ಲಿ ಪಾನನಿರೋಧ ಬಂದು ಹತ್ತು ವರ್ಷ ಆಗಿತ್ತು. ಗುಡ್ಡೆಯ ಮರೆಯಲ್ಲಿ ಕದ್ದು ಕಾಯಿಸಿದ ಸಾರಾಯಿಗೆ, ಅಂದರೆ ಈ ಗಂಗಸರಕ್ಕೆ, ಬಾಯಿ ಹಾಕಿ ಸಿಕ್ಕಿಬಿದ್ದವರು ಜೈಲು ಕಂಡಿದ್ದರು. ಹರಾಮು ಎಂಬುದು ಒಂದು ಕಡೆ ಇರಲಿ, ಬೀಡಿಯನ್ನೂ ಸೇದದ ಮನುಷ್ಯ ತನ್ನ ಗಂಡ. “ಯಾರೋ ಬೇಕಾಗಿ ಹುಟ್ಟಿಸಿದ ಮಾತು ಸೇಸಕ್ಕ” ಎಂದು ಹೇಳಿ ಅವಳನ್ನು ಕಳಿಸಿದಳು. ಮೀನು ಕೊಯ್ಯಲು ಕೂತಾಗ ಮಾತ್ರ ಕತ್ತಿ ನೆಟ್ಟಗೆ ಓಡಲಿಲ್ಲ.

ಪೇಟೆಯವರು ಶುಕೂರಾಕ ಎಂದು ಕರೆಯುವ ಅಬ್ದುಲ್ ಶುಕೂರ್ ಬಂಟ್ವಾಳದಲ್ಲಿ ಧರ್ಣಪ್ಪ ಶೆಟ್ಟರ ಬಸ್ಸುಗಳ ಏಜೆಂಟ್ ಆಗಿದ್ದವನು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದಾಗ ಅದರ ಒಲೆಗೆ ಗಾಳಿ ಹಾಕುವ ಕ್ಲೀನರ್ ಆಗಿ ಸೇರಿದ. ಆಮೇಲೆ ಎಡಗಾಲಿಗೆ ಆನೆಕಾಲು ರೋಗ ಹಿಡಿದು ಕಾಲು ದಪ್ಪವಾಗುತ್ತ ಬಂದಾಗ, ಶೆಟ್ಟರು ಅವನನ್ನು ಬಸ್ಸಿನಿಂದ ಇಳಿಸಿ ನಿಲ್ದಾಣದಲ್ಲಿ ನಿಲ್ಲಿಸಿದರು. ಜನ ಕೂಗಿ ಹತ್ತಿಸುವುದು, ಬಸ್ಸು ಹೊರಡಿಸುವುದು ಅವನ ಕೆಲಸ. ಅದಕ್ಕೆ ಕಾಲು ಬೇಡ, ಗಂಟಲು ಸಾಕು. ಗಂಟಲು ಅವನಿಗೆ ಹೇಳಿ ಮಾಡಿಸಿದ ಹಾಗೆ ಇತ್ತು. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಎಂದು ಅವನು ಒಂದೇ ಉಸಿರಿನಲ್ಲಿ ಕೂಗಿದರೆ ನದಿಯ ಹತ್ತಿರದ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಮೈಮೂನಳಿಗೆ ಒಂಬತ್ತೂವರೆ ಆಯಿತೆಂದು ತಿಳಿಯುತ್ತಿತ್ತು. ಸಿದ್ಧಕಟ್ಟೆ, ಮೂಡಬಿದ್ರೆ ಎಂದರೆ ಹತ್ತೂಕಾಲು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಮಕ್ಕಳೂ ಆಗಿರಲಿಲ್ಲ.

ವಯಸ್ಸು ಮೂವತ್ತೆಂಟು ದಾಟಿದಾಗ ಸಕ್ಕರೆ ಕಾಯಿಲೆಯೂ ಸೇರಿಕೊಂಡಿತ್ತು. ದಿನಾ ಬೆಳಿಗ್ಗೆ ಮೈಮೂನ ಗಾಜಿನ ಪಿಚಕಾರಿಯನ್ನೂ ಸೂಜಿಯನ್ನೂ ನೀರಿನಲ್ಲಿ ಕುದಿಸಿ ಕೊಡುವಳು. ಶುಕೂರ್ ತೊಡೆಗೆ ತಾನೇ ಚುಚ್ಚಿಕೊಳ್ಳುವನು. ಮದ್ದಿನ ಶೀಸೆಯನ್ನು ಮಂಗಳೂರಿನಿಂದ ಯಾವನಾದರೂ ಡ್ರೈವರ್ ತಂದು ಕೊಡುತ್ತಿದ್ದ. ಅದನ್ನು ನದಿದಂಡೆಯ ಒದ್ದೆ ಹೊಯಿಗೆ ತುಂಬಿದ ಮಡಕೆಯೊಳಗೆ ತಂಪಾಗಿ ಇಡಬೇಕಿತ್ತು. ಸಿಹಿಯೆಂದರೆ ಪ್ರಾಣ ಬಿಡುವ ಮನುಷ್ಯ ಎಂಟು ವರ್ಷದಿಂದ ಚಹಾಕ್ಕೂ ಸಕ್ಕರೆ ಮುಟ್ಟಿರಲಿಲ್ಲ. ಆನೆಕಾಲಿನ ಜ್ವರ ಎರಡು ತಿಂಗಳಿಗೊಮ್ಮೆ ಬರುವುದು, ನಾಲ್ಕು ದಿನ ಮಲಗಿಸಿ ಹೋಗುವುದು. ಈ ಎರಡು ಕಾಯಿಲೆಗಳ ಜೊತೆ ಬದುಕುವುದನ್ನು ಗಂಡ ಹೆಂಡತಿ ಕಲಿತುಬಿಟ್ಟಿದ್ದರು.

ಸೇಸಮ್ಮ ಹೇಳಿಹೋದ ಮೇಲೆ ಮೈಮೂನ ಕಿವಿಗೊಟ್ಟು ಕೇಳತೊಡಗಿದಳು. ಒಂಬತ್ತೂವರೆಯ ಕೂಗು ನಿಜಕ್ಕೂ ಮೊದಲಿನ ಹಾಗೆ ಇರಲಿಲ್ಲ. ಗುರುವಾಯನಕೆರೆಯಲ್ಲಿ ನಾಲಗೆ ತೊಡರುತ್ತಿತ್ತು. ಬೆಳ್ತಂಗಡಿಯ ಅಕ್ಷರಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತಿದ್ದವು. ಮನೆಯಲ್ಲಿ ಅವನು ಮಾತಾಡುವುದು ಮೊದಲೇ ಕಡಿಮೆ. ಹಾಗಾಗಿ ಅವಳ ಗಮನಕ್ಕೆ ಬಂದಿರಲಿಲ್ಲ. ಈಗ ನೋಡಿದರೆ ‘ನೀರು’ ಎಂಬುದು ಸಹ ಬಾಯಿಯಲ್ಲಿ ಸ್ವಲ್ಪ ಹೊತ್ತು ನಿಂತು ಹೊರಗೆ ಬರುತ್ತಿತ್ತು. ಊಟಕ್ಕೆ ಕೂತರೆ ಕೆಮ್ಮು. ಅರ್ಧ ಅನ್ನ ಬಟ್ಟಲಲ್ಲೇ ಉಳಿಯುತ್ತಿತ್ತು.

“ಏನಾಗಿದೆ ನಿಮಗೆ?” ಎಂದು ಕೇಳಿದಳು.

“ಹಲ್ಲು ನೋವು” ಎಂದ.

ಆ ತಿಂಗಳಲ್ಲೇ ಮೂಡಬಿದ್ರೆಗೆ ಹೋಗಬೇಕಾದ ಒಬ್ಬ ಮುದುಕಿ ಅವನ ಕೂಗು ನಂಬಿ ಬೆಳ್ತಂಗಡಿ ಬಸ್ಸು ಹತ್ತಿ, ಮಡಂತ್ಯಾರಿನಲ್ಲಿ ಇಳಿದು ಅಳುತ್ತ ಕೂತಳಂತೆ. ಅವಳ ಮಗ ಬಂದು ಶುಕೂರನ ಅಂಗಿ ಹಿಡಿದ. ಹಿಡಿದವನು ಮುಖದ ಹತ್ತಿರ ಮೂಗು ತಂದು, “ಇವನ ಬಾಯಿ ನೋಡಿ, ಕಳ್ಳಿನ ಅಂಗಡಿ ಹೊಕ್ಕ ಹಾಗೆ ಉಂಟು” ಎಂದು ಎಲ್ಲರೆದುರು ಹೇಳಿದ. ಈ ಸಂಗತಿಯನ್ನು ಮೈಮೂನಳಿಗೆ ತಿಳಿಸಿದವನು ಶುಕೂರನ ತಮ್ಮ ಅಬ್ದುಲ್ ಮಜೀದ್. ಪೇಟೆಯಲ್ಲಿ ಅವನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು.

“ನೀನು ನಂಬ್ತೀಯಾ ಮಜೀದ್?”

ಮಜೀದ್ ಕೈಗೆ ಹತ್ತಿದ ಸೈಕಲ್ ಎಣ್ಣೆಯನ್ನು ಲುಂಗಿಗೆ ಒರೆಸಿದ. “ವಾಸನೆ ನನಗೂ ಬಂದದ್ದು ಹೌದು ಅತ್ತಿಗೆ” ಎಂದ.

ಅದಾಗಿ ಹತ್ತು ದಿನಕ್ಕೆ ಫರಂಗಿಪೇಟೆಯಲ್ಲಿ ಶುಕೂರನ ಸೋದರಮಾವ ತೀರಿಕೊಂಡರು. ಅವನನ್ನು ಎತ್ತಿ ಆಡಿಸಿದ ಮಾವ. ಗಂಡ ಹೆಂಡತಿ ಇಬ್ಬರೂ ಹೋದರು. ಮೈಮೂನ ಒಳಗೆ ಹೆಂಗಸರ ಜೊತೆ ಇದ್ದಳು. ಮಾವನ ಮಯ್ಯತ್ತನ್ನು ಮಂಚಕ್ಕೆ ಏರಿಸಿ ಅಂಗಳದಿಂದ ಎತ್ತುವ ಹೊತ್ತು. ಒಳಗಿನ ಅಳು ಜೋರಾಗಿ, ಹೊರಗೆ ಗಂಡಸರು ಅಲ್ಲಾಹನ ಹೆಸರಿನ ದಿಕ್ರ್ ಹೇಳಲು ಶುರುಮಾಡಿದ್ದರು. ಆಗ ಅದರ ನಡುವೆ ಒಂದು ನಗು ಕೇಳಿತು. ಸಣ್ಣದಾಗಿ ಶುರುವಾದದ್ದು ತಡೆಯಿಲ್ಲದೆ ಏರಿತು. ಹೊಟ್ಟೆ ಹಿಡಿದುಕೊಂಡು ನಗುವವರ ನಗು. ದಿಕ್ರ್ ನಿಂತಿತು. ಹೆಂಗಸರೂ ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು.

ಮೈಮೂನಳಿಗೆ ಅದು ಯಾರ ನಗು ಎಂದು ಗೊತ್ತಾಯಿತು. ಕಿಟಕಿಯ ಸರಳಿನಿಂದ ನೋಡಿದರೆ ಮಜೀದ್ ಅಣ್ಣನ ರಟ್ಟೆ ಹಿಡಿದು ಬಚ್ಚಲಿನ ಹಿಂದಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಶುಕೂರನ ಬಾಯಿ ನಗುತ್ತಿತ್ತು. ಕಣ್ಣಿನಲ್ಲಿ ಮಾತ್ರ ನಗು ಇರಲಿಲ್ಲ, ಬಾವಿಗೆ ಬಿದ್ದವನ ಕಣ್ಣು. ಆದರೆ ಅಷ್ಟು ದೂರದಿಂದ ಅದನ್ನು ನೋಡಿದವಳು ಅವಳೊಬ್ಬಳೇ. ಅವಳೂ ಆ ದಿನ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಚಿಕೆಯಿಂದ ಅವಳ ಮೈಯೆಲ್ಲ ಬೆಂಕಿಯಾಗಿತ್ತು.

ಮರುದಿನ ಮಧ್ಯಾಹ್ನ ಶುಕೂರ್ ಚಾಪೆಯಲ್ಲಿ ಮಲಗಿ ಕಣ್ಣು ಮುಚ್ಚಿದ್ದ. ಮೈಮೂನ ಸದ್ದಾಗದಂತೆ ಹತ್ತಿರ ಹೋಗಿ, ಮೊಣಕಾಲೂರಿ, ಅವನ ಬಾಯಿಯ ಹತ್ತಿರ ಮೂಗು ತಂದಳು. ಕೊಳೆತ ಗೇರುಹಣ್ಣಿನ ಹಾಗೆ ಸಿಹಿಯಾದ, ಹುಳಿ ಸೇರಿದ ವಾಸನೆ ಉಸಿರಿನ ಜೊತೆ ಬರುತ್ತಿತ್ತು. ಮಜೀದ್ ಹೇಳಿದ್ದು ಸುಳ್ಳಲ್ಲ. ಅವಳು ಎದ್ದು ಅಡಿಗೆಮನೆಗೆ ಹೋಗಿ ಬಾಗಿಲಿನ ಮರೆಯಲ್ಲಿ ನಿಂತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಅವನನ್ನು ಅಸಹ್ಯಪಟ್ಟಳು.

ಸಂಜೆ ಧರ್ಣಪ್ಪ ಶೆಟ್ಟರು ಮನೆಯವರೆಗೂ ಬಂದರು. ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು, “ಶುಕೂರ್, ನನಗೆ ನಿನ್ನ ಮೇಲೆ ಹಗೆ ಇಲ್ಲ ಮಾರಾಯ. ಆದ್ರೆ ಪಾನನಿರೋಧದ ಕಾಲ. ನಾಳೆ ಯಾರಾದ್ರೂ ಅರ್ಜಿ ಬರೆದ್ರೆ ನನ್ನ ಪರ್ಮಿಟ್ಟಿಗೆ ತೊಂದರೆ. ಸ್ವಲ್ಪ ದಿನ ಮನೆಯಲ್ಲಿ ಇರು” ಎಂದರು. ಶುಕೂರ್ ಏನೋ ಹೇಳಲು ಹೋದ. ತುಟಿ ಅಲುಗಿತು, ಮಾತು ಆಕಾರಕ್ಕೆ ಬರಲಿಲ್ಲ. ಶೆಟ್ಟರು ತಲೆ ಬಗ್ಗಿಸಿ ಹೊರಟುಹೋದರು.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಜಮಾತಿನವರು ಶುಕೂರನನ್ನು ಪಳ್ಳಿಯಲ್ಲಿ ಕೂರಿಸಿದರು. ಹಿರಿಯರಾದ ಮೂಸಾ ಹಾಜಿ ಕೆಟ್ಟ ಮನುಷ್ಯರೇನಲ್ಲ. ಕೆಲವರು ಬಹಿಷ್ಕಾರ ಹಾಕಬೇಕೆಂದಾಗ ಅವರೇ ತಡೆದು, “ಕುಡಿದಿಲ್ಲ ಅಂತ ಅವನು ಅಲ್ಲಾಹನ ಮೇಲೆ ಆಣೆ ಇಡಲಿ. ಅಲ್ಲಿಗೆ ನಮ್ಮ ಬಾಯಿ ಮುಚ್ಚಿತು” ಎಂದರಂತೆ. ಮೈಮೂನ ಮನೆಯಲ್ಲಿ ಕಾದಳು. ಇಳಿಹಗಲಿನ ಅಸರ್ ನಮಾಜಿನ ಹೊತ್ತಿಗೆ ಮಜೀದ್ ಅಣ್ಣನನ್ನು ಕರೆದುಕೊಂಡು ಬಂದ. ಶುಕೂರ್ ನೇರ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

“ಆಣೆ ಇಟ್ಟರಾ?” ಎಂದು ಅವಳು ಕೇಳಿದಳು.

ಮಜೀದ್ ಟೊಪ್ಪಿ ತೆಗೆದು ಕೈಯಲ್ಲಿ ತಿರುಚುತ್ತ ನಿಂತ. “ಬಾಯಿಯಿಂದ ಬರಲಿಲ್ಲ ಅತ್ತಿಗೆ. ಮೂರು ಸಲ ನೋಡಿದ್ರು. ಅಲ್ಲಾಹನ ಹೆಸರೂ ಸರಿಯಾಗಿ ಬರಲಿಲ್ಲ. ಮತ್ತೆ ಆ ನಗು ಬಂತು. ಪಳ್ಳಿಯ ಒಳಗೆ. ಹಾಜಿಯವರು ಮುಖ ತಿರುಗಿಸಿ, ‘ಮನೆಗೆ ಕರ್ಕೊಂಡು ಹೋಗು’ ಅಂದ್ರು. ಇನ್ನು ನಾನು ಯಾವ ಮುಖ ಇಟ್ಟುಕೊಂಡು ಪೇಟೆಯಲ್ಲಿ ಕೂರುವುದು?”

ಮಜೀದ್ ಹೋದ ಮೇಲೆ ಮೈಮೂನ ಎದುರಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಚಿಲಕ ಹಾಕಿ, ಎದುರಿನದಕ್ಕೆ ಬೀಗ ಹಾಕಿದಳು. ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿದಳು. ಅಕ್ಕಿಯ ಡಬ್ಬ, ಸೌದೆಯ ರಾಶಿ, ಹಾಸಿಗೆಯ ಅಡಿ, ಮಾಡಿನ ಸಂದು ಎಲ್ಲ ಹುಡುಕಿದಳು. ಏನೂ ಸಿಗಲಿಲ್ಲ. ಮೂರು ದಿನ ಅವನನ್ನು ಹೊಸಿಲು ದಾಟಲು ಬಿಡಲಿಲ್ಲ. ಬಚ್ಚಲಿಗೆ ಹೋದರೂ ಹೊರಗೆ ನಿಂತಳು. ಶುಕೂರನಿಗೆ ಇದೆಲ್ಲ ಯಾಕೆಂದು ಗೊತ್ತಿತ್ತು. ಅವನು ಬಾಗಿಲಿನ ಕಡೆಗೆ ನೋಡಲೂ ಇಲ್ಲ.

ಆ ಮೂರು ದಿನದಲ್ಲಿ ಅವಳು ನೋಡಿದ್ದು ಬೇರೆ. ಗಂಜಿ ಕುಡಿದರೆ ಮೂಗಿನಲ್ಲಿ ಬರುತ್ತಿತ್ತು. ಎಂಜಲು ನುಂಗಲಾಗದೆ ಬಾಯಿಯ ಮೂಲೆಯಿಂದ ಇಳಿಯುತ್ತಿತ್ತು. ಅವನು ಅದನ್ನು ಅವಳಿಗೆ ಕಾಣದ ಹಾಗೆ ತೋಳಿನಿಂದ ಒರೆಸುತ್ತಿದ್ದ. ಅಂಗಿ ಕಳಚಿದಾಗ ಪಕ್ಕೆಲುಬು ಎಣಿಸುವ ಹಾಗೆ ಇತ್ತು. ಊಟ ಹೋಗದ ಕಾರಣ ಅವನು ತಾನಾಗಿಯೇ ಸೂಜಿಮದ್ದನ್ನೂ ಅರ್ಧಕ್ಕೆ ಇಳಿಸಿದ್ದ. ಸೋಮವಾರ ಬೆಳಿಗ್ಗೆ ಅವಳು ಮತ್ತೊಮ್ಮೆ ಹತ್ತಿರ ಹೋದಾಗ ಆ ಗೇರುಹಣ್ಣಿನ ವಾಸನೆ ಮೊದಲಿಗಿಂತ ಹೆಚ್ಚಾಗಿತ್ತು. ಎರಡು ಹಗಲು, ಮೂರು ರಾತ್ರಿ ನೀರು, ಗಂಜಿ ಬಿಟ್ಟು ಏನೂ ಕಾಣದ ಬಾಯಿ ಅದು. ಮೈಮೂನ ಬೀಗ ತೆಗೆದಳು.

“ಮೂಡಬಿದ್ರೆಗೆ ಹೋಗುವ. ಪಾತುಮ್ಮನ ಮನೆಯ ಹತ್ತಿರ ಒಬ್ಬರು ಡಾಕ್ಟರು ಇದ್ದಾರೆ” ಎಂದಳು.

ಪಾತುಮ್ಮ ಅವಳ ತಂಗಿ. ಬಸ್ಸು ಶೆಟ್ಟರದ್ದೇ. ಕಂಡಕ್ಟರ್ ಎದುರಿನ ಸೀಟು ಬಿಡಿಸಿ ಕೂರಿಸಿದ, ಟಿಕೇಟು ಕೇಳಲಿಲ್ಲ, ಮಾತೂ ಆಡಲಿಲ್ಲ. ಸಿದ್ಧಕಟ್ಟೆ ದಾಟುವವರೆಗೆ ಹಿಂದಿನ ಸೀಟಿನವರ ಪಿಸುಮಾತು ನಿಲ್ಲಲಿಲ್ಲ.

ಕಾಮತ್ ಡಾಕ್ಟರು ವಯಸ್ಸಾದವರು. ಶುಕೂರ್ ಒಳಗೆ ಬರುತ್ತಲೇ ಮೂಗು ಅರಳಿಸಿ, ಮೂತ್ರ ಹಿಡಿದು ತರಲು ಹೇಳಿದರು. ಗಾಜಿನ ನಳಿಗೆಯಲ್ಲಿ ನೀಲಿ ಮದ್ದಿಗೆ ಅದನ್ನು ಬೆರೆಸಿ ಸ್ಪಿರಿಟ್ ದೀಪಕ್ಕೆ ಹಿಡಿದಾಗ ಅದು ಹಂಚಿನ ಬಣ್ಣಕ್ಕೆ ತಿರುಗಿತು.

“ಸಕ್ಕರೆ ಕಾಯಿಲೆಯವರು ಉಪವಾಸ ಬಿದ್ದು, ಮದ್ದನ್ನೂ ಕಡಿಮೆ ಮಾಡಿದರೆ ರಕ್ತ ಕೆಡುತ್ತದೆ. ಬಾಯಿಗೆ ಈ ವಾಸನೆ ಬರುತ್ತದೆ. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಪ್ರಜ್ಞೆ ತಪ್ಪುತ್ತಿತ್ತು” ಎಂದರು. ಮೈಮೂನಳ ಕೈ ಸೆರಗಿನ ತುದಿಯ ಕೀಲಿಕೈಗೆ ಹೋಯಿತು. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. “ಉಪವಾಸ ಯಾಕೆ? ನುಂಗಲು ಆಗುವುದಿಲ್ಲವಾ? ನಾಲಗೆ ಹೊರಗೆ ಹಾಕಿ ನೋಡುವ.”

ಶುಕೂರ್ ಪ್ರಯತ್ನ ಮಾಡಿದ. ನಾಲಗೆ ಹಲ್ಲಿನ ಸಾಲು ದಾಟಲಿಲ್ಲ. ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ನೋಡುವಾಗ ಮೈಮೂನಳೂ ಇಣುಕಿದಳು. ನಾಲಗೆ ಬತ್ತಿ, ಬದಿಯಲ್ಲಿ ನೆರಿಗೆ ಕಟ್ಟಿತ್ತು. ಒದ್ದೆ ಗೋಣಿಯ ಅಡಿಯಲ್ಲಿ ಜೀವವಿರುವ ಸಿಗಡಿ ಮಿಸುಕಿದ ಹಾಗೆ ಅದರ ಮೈಯೆಲ್ಲ ಸಣ್ಣಗೆ ಅದುರುತ್ತಿತ್ತು. ಡಾಕ್ಟರು ಬ್ಯಾಟರಿ ಆರಿಸಿ ಕುರ್ಚಿಯಲ್ಲಿ ಕೂತರು. ಅವನ ಹೆಬ್ಬೆರಳಿನ ಬುಡದ ಮಾಂಸ ಒತ್ತಿ ನೋಡಿದರು. ಮಂಗಳೂರಿಗೆ ಒಂದು ಕಾಗದ ಬರೆದು ಕೊಟ್ಟರು.

ಮಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಜೊತೆಗೆ ಹೋದವನು ಮಜೀದ್. ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದು, ಸೂಜಿಯಿಂದ ಚುಚ್ಚಿ, ಕಲಿಯುವ ಹುಡುಗರನ್ನು ಸುತ್ತ ನಿಲ್ಲಿಸಿ ದೊಡ್ಡ ಡಾಕ್ಟರು ಇಂಗ್ಲಿಷಿನಲ್ಲಿ ಮಾತಾಡಿದರಂತೆ. ಮಜೀದನಿಗೆ ಅದರಲ್ಲಿ ಅರ್ಥವಾದದ್ದು ‘ಮೋಟಾರ್’ ಎಂಬ ಒಂದು ಶಬ್ದ. ಅದು ಬಂಟ್ವಾಳಕ್ಕೆ ಬಂದು, ಶುಕೂರ್ ಬ್ಯಾರಿಗೆ ಮೋಟಾರಿನ ಕಾಯಿಲೆ, ಇದ್ದಿಲು ಬಸ್ಸಿನ ಹೊಗೆ ಕುಡಿದು ನರ ಸುಟ್ಟುಹೋಗಿದೆ ಎಂದು ಹಬ್ಬಿತು. ಡ್ರೈವರುಗಳು ಒಂದು ವಾರ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಸ್ಸು ಓಡಿಸಿದರು.

ಸರಿಯಾಗಿ ಬಿಡಿಸಿ ಹೇಳಿದವರು ಕಾಮತ್ ಡಾಕ್ಟರೇ. ಮೈಮೂನ ಒಬ್ಬಳೇ ಹೋಗಿ ಅವರ ಎದುರು ಕೂತಳು.

“ಮೋಟಾರ್ ನ್ಯೂರಾನ್ ಎಂದರೆ ನಮ್ಮ ಮಾಂಸಖಂಡವನ್ನು ಆಡಿಸುವ ನರ, ತಾಯಿ. ಆ ನರಗಳು ಒಂದೊಂದಾಗಿ ಸಾಯುತ್ತವೆ. ಇವರಿಗೆ ನಾಲಗೆ, ಗಂಟಲಿನಿಂದ ಶುರುವಾಗಿದೆ. ಕೈ ಕಾಲಿಗೆ ಇಳಿಯುತ್ತದೆ. ಕೊನೆಗೆ ಉಸಿರಿಗೆ.”

“ಆ ನಗು?”

“ಅದು ಅವರ ನಗುವಲ್ಲ. ನಗು, ಅಳು ಎರಡಕ್ಕೂ ಲಗಾಮು ತಪ್ಪಿದೆ.”

“ತಲೆಗೆ ಏನಾದರೂ ಆಗ್ತದಾ?”

“ಇಲ್ಲ. ಎಲ್ಲ ತಿಳಿಯುತ್ತ ಇರುತ್ತದೆ.” ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ಇದಕ್ಕೆ ಮದ್ದು ಇಲ್ಲ. ಎರಡು ವರ್ಷ, ಹೆಚ್ಚೆಂದರೆ ಮೂರು.”

ಮೈಮೂನ ಕೇಳಿದಳು: “ಕುಡಿದದ್ದಲ್ಲ ಅಂತ ಒಂದು ಕಾಗದದಲ್ಲಿ ಬರೆದು ಕೊಡ್ತೀರಾ?”

“ನಿಮಗೆ ಬೇಕಾದ್ದು ಅದೊಂದೇನಾ?”

“ಮದ್ದು ಇಲ್ಲ ಅಂತ ನೀವೇ ಹೇಳಿದಿರಲ್ಲ.”

ಡಾಕ್ಟರು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು. ಮುಂದಿನ ಶುಕ್ರವಾರ ಮಜೀದ್ ಅದನ್ನು ಪಳ್ಳಿಯಲ್ಲಿ ಎಲ್ಲರೂ ಕೇಳುವ ಹಾಗೆ ಓದಿದ. ಅವತ್ತೇ ಸಂಜೆ ಮೂಸಾ ಹಾಜಿ ಇಬ್ಬರನ್ನು ಜೊತೆಗೆ ಕರೆದುಕೊಂಡು ಮನೆಗೆ ಬಂದರು. ಶುಕೂರ್ ಜಗಲಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದ. ಎಪ್ಪತ್ತು ದಾಟಿದ ಹಾಜಿ ಅವನ ಎದುರು ನೆಲದಲ್ಲೇ ಕೂತು ಅವನ ಎರಡು ಕೈ ಹಿಡಿದುಕೊಂಡರು.

“ನಮ್ಮಿಂದ ತಪ್ಪಾಯ್ತು ಶುಕೂರ್. ಗೊತ್ತಿರಲಿಲ್ಲ. ಮಾಫ್ ಮಾಡು.”

ಶುಕೂರನ ತುಟಿ ಅದುರಿತು. ಮತ್ತೆ ನಗು ಶುರುವಾಯಿತು. ಭುಜ ಕುಲುಕಿ, ಉಸಿರು ಕಟ್ಟಿ, ಕಣ್ಣಿನಿಂದ ನೀರು ಇಳಿಯುತ್ತ ಅವನು ನಕ್ಕ. ನಿಲ್ಲುತ್ತದೆ ಎಂದುಕೊಂಡಾಗ ಅದೇ ಅಳುವಾಯಿತು, ಮತ್ತೆ ನಗುವಾಯಿತು. ಮೈಮೂನ ಬಾಗಿಲಿನ ಹಿಂದಿನಿಂದ ಬಂದು ಅವನ ಬಾಯಿ ಒರೆಸಿದಳು. ಹಾಜಿ ಅವನ ಕೈ ಬಿಡದೆ, ಅವಳ ಕಡೆ ಮುಖ ಎತ್ತಿದರು.

“ಮಾಫ್ ಮಾಡಿದನಾ ಮಗಳೇ?”

“ನನಗೆ ಗೊತ್ತಿಲ್ಲ ಹಾಜಿಯವರೇ” ಎಂದಳು ಮೈಮೂನ.

ಧರ್ಣಪ್ಪ ಶೆಟ್ಟರೂ ಬಂದರು. ಈ ಸಲ ಒಳಗೆ ಬಂದು ಕೂತರು. ಏನು ಮಾತಾಡಬೇಕೆಂದು ತಿಳಿಯದೆ, ಹೊಸದಾಗಿ ತರಿಸಿದ ಬಸ್ಸಿನ ಎಂಜಿನ್ನಿನ ವಿಷಯ ಹೇಳುತ್ತ ಹೋದರು. ಶುಕೂರ್ ಕಿವಿಗೊಟ್ಟು ಕೇಳಿದ. ಬಂಟ್ವಾಳ ಪೇಟೆ ಮತ್ತೆ ಅವನನ್ನು ಒಳ್ಳೆಯವನೆಂದು ಒಪ್ಪಿಕೊಂಡಿತು. ಅದರಿಂದ ಅವನಿಗೆ ಆದ ಉಪಕಾರವೆಂದರೆ ಮನೆಗೆ ಬಂದು ಹೋಗುವವರು ಹೆಚ್ಚಾದರು, ಅಷ್ಟೆ.

ಕೈಯ ಬಲ ಹೋದದ್ದು ಮುಂದಿನ ಮಳೆಗಾಲದಲ್ಲಿ. ಒಂದು ಬೆಳಿಗ್ಗೆ ಪಿಚಕಾರಿ ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಹೊಸದು ತಂದ ಮೇಲೆ ಚುಚ್ಚುವ ಕೆಲಸ ಮೈಮೂನಳದ್ದಾಯಿತು. ಅವಳಿಗೆ ಅಂಕೆ ಓದಲು ಬರುತ್ತಿರಲಿಲ್ಲ. ಗಾಜಿನ ಮೇಲಿನ ಗೆರೆಗಳನ್ನು ಬೆರಳಿನ ಉಗುರಿನಿಂದ ಎಣಿಸಿ, ಎಂಟನೆಯ ಗೆರೆಗೆ ನಿಲ್ಲಿಸಿ, ಅವನ ಮುಖದ ಎದುರು ಹಿಡಿಯುವಳು. ಸರಿ ಇದ್ದರೆ ಅವನು ಒಮ್ಮೆ ಕಣ್ಣು ಮುಚ್ಚಿ ತೆರೆಯುವನು. ಅವರಿಬ್ಬರ ಮಾತುಕತೆಗೆ ಉಳಿದ ದಾರಿ ಅದೊಂದೇ. ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ.

ಮೂರು ಕಾಯಿಲೆಗಳಲ್ಲಿ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗಿಬರುತ್ತಿರಲಿಲ್ಲ. ಮಲಗಿಸಿದರೆ ಎಂಜಲು ಗಂಟಲಿಗೆ ಇಳಿದು ಉಸಿರು ಕಟ್ಟುತ್ತಿತ್ತು. ಹಾಗಾಗಿ ಹಗಲೂ ರಾತ್ರಿ ಕೂರಿಸಿಯೇ ಇರಬೇಕು. ಕೂರಿಸಿದರೆ ಆನೆಕಾಲಿಗೆ ನೀರು ಇಳಿದು, ಚರ್ಮ ಬಿರಿದು, ಜ್ವರ ಬರುತ್ತಿತ್ತು. ಜ್ವರ ಬಂದರೆ ಸಕ್ಕರೆ ಏರುತ್ತಿತ್ತು. ಮದ್ದು ಹೆಚ್ಚಿಸಿ ಚುಚ್ಚಿದ ದಿನ ಗಂಜಿ ಇಳಿಯದೆ ಹೋದರೆ ಮೈಯೆಲ್ಲ ತಣ್ಣಗೆ ಬೆವರಿ ಕಣ್ಣು ಮೇಲಾಗುತ್ತಿತ್ತು. ಮೈ ಕರಗಿ ಬಲಗಾಲು ಬಿದಿರಿನ ಕೋಲಿನ ಹಾಗಾದರೂ ಎಡಗಾಲು ಮೊದಲಿನಷ್ಟೇ ದಪ್ಪ ಉಳಿಯಿತು. ಅವನನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸುವಾಗ ಮೈಮೂನಳಿಗೆ ಭಾರವಾಗುತ್ತಿದ್ದದ್ದು ಆ ಕಾಲೊಂದೇ.

ಅರವತ್ತನೇ ಇಸವಿಯ ಬೇಸಿಗೆಯಲ್ಲಿ ಕಾಮತ್ ಡಾಕ್ಟರು ಫರಂಗಿಪೇಟೆಯ ಕಡೆಗೆ ಯಾರನ್ನೋ ನೋಡಲು ಹೋಗುವವರು ದಾರಿಯಲ್ಲಿ ಇಳಿದು ಮನೆಗೆ ಬಂದರು. ಶುಕೂರನ ಎದೆಗೆ ಕೊಳವೆ ಇಟ್ಟು ನೋಡಿದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಮೈಮೂನಳಿಗೆ ಹೇಳಿದರು: “ಇನ್ನು ಪಥ್ಯ ಬೇಡ. ಯಾವುದು ಗಂಟಲಿನಲ್ಲಿ ಇಳಿಯುತ್ತದೋ ಅದನ್ನು ಕೊಡಿ. ಬೆಲ್ಲ ಹಾಕಿ ಕೊಡಿ, ತೊಂದರೆ ಇಲ್ಲ.”

ಮರುದಿನ ಅವಳು ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಹಾಕಿ ತೆಳ್ಳಗೆ ಮಣ್ಣಿ ಕಾಯಿಸಿದಳು. ಏಲಕ್ಕಿಯ ಪರಿಮಳಕ್ಕೆ ಶುಕೂರನ ಕಣ್ಣು ಒಲೆಯ ಕಡೆಗೆ ಹೊರಳಿತು. ಮೊದಲ ಚಮಚವನ್ನು ತುಟಿಯ ಒಳಗೆ ಇಳಿಸಿದಳು. ಅವನು ಅದನ್ನು ನುಂಗದೆ ಹಾಗೇ ಇಟ್ಟುಕೊಂಡ. ಹತ್ತು ವರ್ಷದ ಮೇಲೆ ಬೆಲ್ಲ. ಕಣ್ಣು ಅರ್ಧ ಮುಚ್ಚಿತು. ಆಮೇಲೆ ಮೆಲ್ಲಗೆ ತೆರೆದು ಅವಳನ್ನೇ ನೋಡಿದ. ಆ ನೋಟ ಬದಲಾಗುತ್ತ ಹೋದದ್ದನ್ನು ಮೈಮೂನ ನೋಡಿದಳು. ಡಾಕ್ಟರು ಬಂದು ಹೋದದ್ದು ನಿನ್ನೆ. ಬೆಲ್ಲ ಬಂದದ್ದು ಇವತ್ತು. ಅವನು ಲೆಕ್ಕ ಹಾಕಿ ಮುಗಿಸಿದ್ದ.

ಎರಡನೆಯ ಚಮಚಕ್ಕೆ ತುಟಿ ಬಿಚ್ಚಲಿಲ್ಲ.

ಅವಳು ಬಟ್ಟಲು ಹಿಡಿದುಕೊಂಡು ಕೂತೇ ಇದ್ದಳು. ಮಣ್ಣಿಯ ಮೇಲೆ ಕೆನೆ ಕಟ್ಟಿತು. ಎಷ್ಟೋ ಹೊತ್ತಿನ ಮೇಲೆ ಅವನು ತಾನಾಗಿ ಬಾಯಿ ತೆರೆದ. ಅವಳು ಕೆನೆ ಬದಿಗೆ ಸರಿಸಿ ಒಂದೊಂದೇ ಚಮಚ ಕೊಟ್ಟಳು. ಅರ್ಧ ಬಟ್ಟಲು ಮುಗಿಯಿತು. ಬಾಯಿ ಒರೆಸುವಾಗ, ಇಷ್ಟು ದಿನ ಒಳಗೆ ಇಟ್ಟುಕೊಂಡದ್ದನ್ನು ಇವತ್ತು ಹೇಳದಿದ್ದರೆ ಇನ್ನು ಹೇಳಲು ಆಗುವುದಿಲ್ಲ ಎಂದು ಅವಳಿಗೆ ಅನಿಸಿತು.

“ಒಂದು ಮಾತು ಉಂಟು. ಮಾವನ ಮಯ್ಯತ್ತಿನ ಮರುದಿನ, ನೀವು ಮಲಗಿದ್ದಾಗ ನಾನೂ ನಿಮ್ಮ ಬಾಯಿ ಮೂಸಿ ನೋಡಿದ್ದೇನೆ. ಎಲ್ಲರ ಹಾಗೆ ನಾನೂ ಕುಡಿದಿದ್ದೀರಿ ಅಂತಲೇ ತಿಳಿದದ್ದು.”

ಶುಕೂರ್ ಅವಳನ್ನು ನೋಡುತ್ತಿದ್ದ. ಮುಖದಲ್ಲಿ ಏನೂ ಕಾಣಲಿಲ್ಲ. ಮುಖದಲ್ಲಿ ಏನಾದರೂ ಕಾಣಿಸುವ ಕಾಲ ಕಳೆದುಹೋಗಿತ್ತು.

“ಆವತ್ತು ನಿಮಗೆ ನಿದ್ದೆ ಬಂದಿತ್ತಲ್ಲ?” ಎಂದು ಕೇಳಿದಳು.

ಅವನು ಎರಡು ಸಲ ಕಣ್ಣು ಮುಚ್ಚಿ ತೆರೆದ.

ಅಂದರೆ ಎಚ್ಚರವಿತ್ತು. ಅವಳ ಉಸಿರು ತನ್ನ ತುಟಿಗೆ ತಾಗಿದ್ದು, ಅವಳು ಎದ್ದು ಹೋದದ್ದು, ಬಾಗಿಲಿಗೆ ಬೀಗ ಹಾಕಿ ಸೌದೆಯ ರಾಶಿ ಹುಡುಕಿದ್ದು, ಎಲ್ಲ ಗೊತ್ತಿದ್ದೂ ಎರಡು ವರ್ಷ ಅವಳ ಕೈಯಿಂದಲೇ ಉಂಡು, ಕೊನೆಗೆ ಸೂಜಿಯನ್ನೂ ಅವಳ ಕೈಯಿಂದಲೇ ಚುಚ್ಚಿಸಿಕೊಂಡಿದ್ದ. ಮೈಮೂನ ಬಟ್ಟಲನ್ನು ಕೆಳಗಿಟ್ಟು ಅವನ ದಪ್ಪ ಕಾಲಿನ ಮೇಲೆ ತಲೆ ಇಟ್ಟಳು. ಆ ಕಾಲಿಗೆ ಸ್ಪರ್ಶ ತಿಳಿಯುತ್ತಿತ್ತೋ ಇಲ್ಲವೋ, ಅವಳು ಯಾವತ್ತೂ ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ.

ಆ ಮೇಲೆ ಅವನು ಐದು ವಾರ ಬದುಕಿದ. ಕೊನೆಯ ದಿನಗಳಲ್ಲಿ ಉಸಿರಾಡುವಾಗ ಹೊಟ್ಟೆ ಮಾತ್ರ ಅಲುಗುತ್ತಿತ್ತು. ಮಳೆ ಹಿಡಿದು ನಾಲ್ಕನೆಯ ದಿನ, ಪಳ್ಳಿಯಲ್ಲಿ ಮಧ್ಯಾಹ್ನದ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ, ಮಜೀದ್ ಅವನನ್ನು ಎದೆಗೆ ಒರಗಿಸಿಕೊಂಡು ಕೂತಿರುವಾಗ ಅದೂ ನಿಂತಿತು. ಕೊನೆಯ ಹೊತ್ತಿನ ಕಲಿಮ ಹೇಳಿಕೊಟ್ಟವರು ಮೂಸಾ ಹಾಜಿ. ತಿರುಗಿ ಹೇಳಲು ನಾಲಗೆ ಇಲ್ಲದವನು ಮನಸ್ಸಿನಲ್ಲಿ ಹೇಳಿದರೆ ಸಾಕು ಎಂದು ಅವರು ಮೈಮೂನಳಿಗೆ ಎರಡೆರಡು ಸಲ ಸಮಾಧಾನ ಹೇಳಿದರು. ಮಯ್ಯತ್ತಿನ ಹಿಂದೆ ಇಡೀ ಪೇಟೆ ನಡೆಯಿತು. ಶೆಟ್ಟರು ಆ ಹೊತ್ತಿನ ಬಸ್ಸು ಬಿಡಲಿಲ್ಲ.

ಗಂಡ ಸತ್ತವಳು ಮನೆಯೊಳಗೇ ಕೂರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ ಮೈಮೂನ ಮೂಡಬಿದ್ರೆಗೆ ಪಾತುಮ್ಮನ ಮನೆಗೆ ಹೋದಳು. ಅಲ್ಲೂ ಬೀಡಿ ಕಟ್ಟಿದಳು. ನೆರೆಯ ಹೆಂಗಸರು ಎಲೆ ಕತ್ತರಿಸುತ್ತ, ಗಂಡನಿಗೆ ಏನಾಗಿತ್ತು ಎಂದು ಕೇಳುತ್ತಿದ್ದರು. ಮೊದಮೊದಲು ಅವಳು ನಾಲಗೆಯ ನರದಿಂದ ಶುರುಮಾಡಿ ಎಲ್ಲ ಹೇಳಲು ನೋಡಿದಳು. ಅವರು ಅರ್ಧಕ್ಕೇ ತಡೆದು, ಮಾಟ ಮಾಡಿದ್ದಾ, ಮೋಟಾರಿನ ಹೊಗೆಯಾ, ಕುಡಿತ ಇತ್ತಾ ಎಂದು ಕೇಳುವರು.

ಆಮೇಲಾಮೇಲೆ ಅವಳು ಸಕ್ಕರೆ ಕಾಯಿಲೆ ಎಂದು ಹೇಳಿ ಬಿಡುತ್ತಿದ್ದಳು. ಅದಾದರೆ ಎಲ್ಲರಿಗೂ ತಿಳಿದ ಕಾಯಿಲೆ. ಕೇಳಿದವರು “ಪಾಪ” ಎಂದು ಹೇಳಿ ಎಲೆ ಕತ್ತರಿಸುವುದನ್ನು ಮುಂದುವರಿಸುತ್ತಿದ್ದರು.